ಬರೆಹಗಾರನಿಗೆ ಬೇಕಾದ ಬಳಗ

ಬರೆಯುವವನು ಒಂಟಿಯಾಗಿಯೇ ಬರೆಯಬೇಕೆಂಬುದರಲ್ಲಿ ಸಂದೇಹವಿಲ್ಲ; ಆದರೆ ಬರೆದುದು ಒಂಟಿಯಾಗಿಯೇ ಬೆಳೆಯಬಲ್ಲುದೆಂದು ತಿಳಿಯುವುದು ಭ್ರಾಂತಿಯೆಂದೇ ನನ್ನ ಅಭಿಪ್ರಾಯ. ಬರೆದುದನ್ನು ಆದರದಿಂದ ಆಲಿಸಿ, ನಿರ್ದಾಕ್ಷಿಣ್ಯವಾಗಿ ತೂಗಿ, ಅಗತ್ಯ ಬಿದ್ದಾಗ ಅದರ ಭಾರಕ್ಕೆ ಹೆಗಲು ಕೊಡುವ ನಾಲ್ಕು ಮಂದಿ ಇಲ್ಲದೆ ಹೋದರೆ, ಪ್ರತಿಭೆಯುಳ್ಳವನೂ ಒಂದೋ ಮೌನಕ್ಕೆ ಶರಣಾಗುತ್ತಾನೆ, ಇಲ್ಲವೆ ತನ್ನ ದನಿಗೆ ತಾನೇ ಮರುಳಾಗುತ್ತಾನೆ.

ಕನ್ನಡ ಸಾಹಿತ್ಯದ ನವೋದಯ ಕಾಲದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಮಹಾವ್ಯಕ್ತಿಗಳ ಚರಿತ್ರೆಯೆಂದು ಓದುತ್ತೇವೆ. ಅದು ಬಳಗಗಳ ಚರಿತ್ರೆಯೂ ಹೌದೆಂಬುದನ್ನು ಮರೆಯುತ್ತೇವೆ. 1920ರ ದಶಕದ ಧಾರವಾಡದಲ್ಲಿ ಕವಿ ಬೇಂದ್ರೆಯವರ ಸುತ್ತ ನೆರೆದ ‘ಗೆಳೆಯರ ಗುಂಪಿ’ನಲ್ಲಿ ನಾಡುನುಡಿಗಳ ಮೂಲವನ್ನು ಅರಸಿದ ಶಂ.ಬಾ. ಜೋಶಿಯವರಿದ್ದರು, ಇಂಗ್ಲಿಷ್ ಸಾಹಿತ್ಯದಲ್ಲಿ ಪಾರಂಗತರಾದ ಗೋಕಾಕರಿದ್ದರು, ಹಳ್ಳಿಯ ನುಡಿಯ ಸೊಗಸನ್ನು ಬಲ್ಲ ಆನಂದಕಂದರಿದ್ದರು. ಒಬ್ಬರ ಮಾರ್ಗ ಇನ್ನೊಬ್ಬರದಾಗಿರಲಿಲ್ಲ. ಆ ಭಿನ್ನತೆಯೇ ಗುಂಪಿನ ನಿಜವಾದ ಸಂಪತ್ತಾಗಿತ್ತು.

ಹಳೆಯ ಮೈಸೂರಿನಲ್ಲಿ ಬಳಗ ಕಟ್ಟುವ ಕಾರ್ಯವನ್ನು ನೆರವೇರಿಸಿದವರು ಅಧ್ಯಾಪಕರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘವನ್ನು ಕಟ್ಟಿ, ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಹೊರಡಿಸಿದರು. ಟಿ.ಎಸ್. ವೆಂಕಣ್ಣಯ್ಯನವರು ತಾವು ಬರೆದುದು ಕಡಮೆಯಾದರೂ ಶಿಷ್ಯರ ಬರೆಹವನ್ನು ತಮ್ಮದೆಂಬಷ್ಟು ವಾತ್ಸಲ್ಯದಿಂದ ಪೋಷಿಸಿದರು; 1939ರಲ್ಲಿ ಗತಿಸಿದ ಆ ಗುರುವಿಗೆ ಕುವೆಂಪು ಅವರು ಅರ್ಪಿಸಿದ ಕೃತಿ, ಹತ್ತು ವರ್ಷಗಳ ತರುವಾಯ ಬೆಳಕು ಕಂಡ ‘ಶ್ರೀ ರಾಮಾಯಣ ದರ್ಶನಂ’. ಇನ್ನು 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ವೂ ಬರಿಯ ಪ್ರಕಾಶಕರ ಕಚೇರಿಯಾಗಿರದೆ ಸಾಹಿತಿಗಳ ಕೂಟವಾಗಿತ್ತು; ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕ 1961ರಲ್ಲಿ ಪ್ರಕಟವಾದುದು ಆ ಮಾಲೆಯಲ್ಲಿಯೇ.

ಇಂದು ನಮ್ಮಲ್ಲಿ ಸಂಘಗಳಿಗೇನೂ ಕೊರತೆಯಿಲ್ಲ. ಪುಸ್ತಕ ಬಿಡುಗಡೆಗಳು ನಡೆಯುತ್ತವೆ, ಶಾಲು ಹಾರಗಳು ಸಲ್ಲುತ್ತವೆ, ಅತಿಥಿಗಳು ಓದದ ಪುಸ್ತಕದ ಮೇಲೆ ಮುಕ್ಕಾಲು ಗಂಟೆ ಮಾತನಾಡುತ್ತಾರೆ. ಅಚ್ಚಾದ ಮೇಲೆ ಹೊಗಳುವವರು ಹಲವರು; ಅಚ್ಚಿಗೆ ಮುನ್ನ ಓದಿ, ಈ ಅಧ್ಯಾಯ ಬೇಡವೆಂದು ಹೇಳುವವರು ವಿರಳ. ಬರೆಹಗಾರನಿಗೆ ಸಭಿಕರು ದೊರೆತಿದ್ದಾರೆಯೇ ಹೊರತು ಸಂಗಾತಿಗಳು ದೊರೆತಿಲ್ಲ.

ಬಳಗವೆಂಬುದು ಪರಸ್ಪರ ಸ್ತುತಿಯ ಪಂಗಡವಾಗಿಬಿಡುತ್ತದೆಂಬ ಆಕ್ಷೇಪವುಂಟು; ಅದು ನಿರಾಧಾರವಾದುದೂ ಅಲ್ಲ. ಆದರೆ ಸದ್ಬಳಗವನ್ನು ಗುರುತಿಸುವುದು ಕಷ್ಟವಲ್ಲ: ಒಳಗಿನವನ ದೋಷವನ್ನು ಅಲ್ಲಿ ಅವನೆದುರಿಗೇ ಹೇಳುತ್ತಾರೆ, ಹೊರಗಿನಿಂದ ಬಂದ ಅಪರಿಚಿತನಿಗೆ, ಆತನ ಜಾತಿ ಊರುಗಳನ್ನು ಕೇಳದೆ, ಕುಳಿತುಕೊಳ್ಳಲು ಸ್ಥಳ ಕೊಡುತ್ತಾರೆ. ಇವೆರಡೂ ಇಲ್ಲದ ಕಡೆಯಿಂದ ಎದ್ದು ಬರುವುದೇ ಲೇಸು.

ಊರೂರಿನ ಗ್ರಂಥಾಲಯದಲ್ಲಿ ತಿಂಗಳಿಗೊಂದು ಸಂಜೆ, ವೇದಿಕೆಯೂ ಅಧ್ಯಕ್ಷರೂ ಇಲ್ಲದೆ, ಐದಾರು ಮಂದಿ ಕೂಡಿ ಇನ್ನೂ ಅಚ್ಚಾಗದ ಬರೆಹವನ್ನು ಓದಿ ಚರ್ಚಿಸುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ಹೊಸಬರು ಸನ್ಮಾನಕ್ಕಿಂತ ಮೊದಲು ಇಂಥ ಕೂಟವನ್ನು ಅರಸಲಿ. ಹಿರಿಯರು ಆಮಂತ್ರಣಕ್ಕೆ ಕಾಯದೆ, ಭಾಷಣಕಾರರಾಗಿ ಅಲ್ಲ, ಕೇಳುಗರಾಗಿ ಅಲ್ಲಿಗೆ ಬರಲಿ.