ಕೆಲವರ ಕೂಗು ಧರ್ಮದ ನುಡಿಯಲ್ಲ

ಯಾವುದೋ ಪಂಗಡದ ಕೆಲವರ ಮಾತನ್ನು ಇಡೀ ಧರ್ಮದ ಮಾತೆಂದು ಬಗೆಯುವುದು ಇಂದು ವಾಡಿಕೆಯಾಗಿದೆ. ಇಸ್ರೇಲ್ ರಾಷ್ಟ್ರವನ್ನೇ ಒಪ್ಪದ ‘ನೆತೂರೈ ಕಾರ್ತಾ’ ಯೆಹೂದ್ಯರಲ್ಲಿ ಒಂದು ಚಿಕ್ಕ ಗುಂಪು. ಅದರ ಹೇಳಿಕೆಯನ್ನು ಯೆಹೂದ್ಯರೆಲ್ಲರ ನಿಲುವೆಂದು ನಂಬುವವರುಂಟು. ವಸ್ತುವಿನ ಒಂದು ಅಂಶವನ್ನು ಹೇಳುವುದು ನಯ. ಉಳಿದುದನ್ನು ಅಲ್ಲಗಳೆದು ಅದೊಂದೇ ಸತ್ಯವೆನ್ನುವುದು ನಯಾಭಾಸ.

ನಮ್ಮ ವಿಜಯನಗರದ ಚರಿತ್ರೆಯಲ್ಲಿಯೇ ಇದಕ್ಕೆ ಪಾಠವಿದೆ. 1368ರಲ್ಲಿ ಜೈನರಿಗೂ ವೈಷ್ಣವ ಭಕ್ತರಿಗೂ ವಿವಾದ ಉಂಟಾಗಿ, ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಇಷ್ಟನ್ನೇ ಓದಿದವನು ವೈಷ್ಣವಧರ್ಮವೇ ಜೈನದ್ವೇಷಿಯೆಂದಾನು. ಆದರೆ ಶ್ರವಣಬೆಳಗೊಳದ ಶಾಸನ ಅಲ್ಲಿಗೆ ಮುಗಿಯುವುದಿಲ್ಲ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿದನು. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರಿಗೆ 20 ಕಾವಲಾಳುಗಳನ್ನಿರಿಸಿ, ಉಳಿದುದರಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸುವ ಹೊಣೆ ಹೊತ್ತವನು ತಿರುಮಲೆಯ ತಾತಯ್ಯನೆಂಬ ವೈಷ್ಣವನೇ.

1385ರಲ್ಲಿ ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ರಾಜಧಾನಿಯಲ್ಲಿಯೇ ಕುಂಥುನಾಥ ಜಿನಾಲಯವನ್ನು ಕಟ್ಟಿಸಿದನು. ಕಮಲಾಪುರದಿಂದ ಕಂಪ್ಲಿಗೆ ಸಾಗುವ ದಾರಿಯಲ್ಲಿ ಗಾಣಗಿತ್ತಿ ಬಸದಿಯೆಂಬ ಹೆಸರಿನಿಂದ ಅದು ಇಂದಿಗೂ ನಿಂತಿದೆ.

ನಮ್ಮಲ್ಲೊಬ್ಬನ ಕಟುನುಡಿಯಿಂದ ಜಿನಧರ್ಮವನ್ನು ಅಳೆದರೆ ನಾವು ಒಪ್ಪುವೆವೇ? ಹಾಗಿರುವಾಗ ನೆರೆಯವರ ಧರ್ಮವನ್ನು ಅವರಲ್ಲೊಬ್ಬನ ಕೂಗಿನಿಂದ ಅಳೆಯುವ ಅಧಿಕಾರ ನಮಗೆಲ್ಲಿಯದು? ತಪ್ಪಾಡಿದವನನ್ನು ಖಂಡಿಸೋಣ, ಅದು ಅವನ ನುಡಿಯೆಂದು ಮಾತ್ರ ತಿಳಿಯೋಣ. ಅನೇಕಾಂತವು ಪ್ರವಚನದಿಂದ ಬಾಳಿಗಿಳಿಯುವುದು ಅಂದೇ.