ಕೆಂಪು ದೀಪಕ್ಕೂ ಕನ್ನಡ ಬೇಕು!



ಮನೆಯ ಇಂಟರ್‌ನೆಟ್ ಕೈಕೊಟ್ಟರೆ ನೀವೇನು ಮಾಡುತ್ತೀರಿ? ರೂಟರ್ ಆರಿಸಿ ಹಚ್ಚುತ್ತೀರಿ. ಆಗಲೂ ಬರದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತೀರಿ. ಆ ಕಡೆಯವರು ಹಿಂದಿಯಲ್ಲಿ ಕೇಳಿದರೆ ಹಿಂದಿ, ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷ್! ನಿಮಗೇನೋ ನಡೆಯುತ್ತದೆ. ನೀವು ಆಫೀಸಿಗೆ ಹೋದಾಗ ಮನೆಯಲ್ಲಿ ಒಬ್ಬರೇ ಇರುವ ಅಮ್ಮನ ಗತಿಯೇನು? ಅವರ ಪಾಲಿಗೆ ಆ ಪೆಟ್ಟಿಗೆ ಮೂಕ ದೇವರು. ದೀಪ ಮಿನುಗುತ್ತದೆ, ಮಾತಿಲ್ಲ!

ಅದರೊಳಗೆ ಬ್ರಹ್ಮವಿದ್ಯೆಯೇನೂ ಇಲ್ಲ. ಕನ್ನಡದಲ್ಲೇ ಹೇಳಬಹುದು, ಕೇಳಿ.

ಫೈಬರ್ ಸಂಪರ್ಕವಾದರೆ ಮೊದಲು 'ಎಲ್‌ಓಎಸ್' ಎಂದು ಬರೆದ ದೀಪ ನೋಡಿ. ಅದು ಕೆಂಪಗಿದ್ದರೆ ಹೊರಗಿನಿಂದ ಬೆಳಕಿನ ಸಂಕೇತವೇ ಬರುತ್ತಿಲ್ಲ ಎಂದರ್ಥ. ಪೆಟ್ಟಿಗೆಗೆ ಬರುವ ತೆಳ್ಳನೆಯ ವೈರು ಎಲ್ಲಾದರೂ ಮಡಚಿಕೊಂಡಿದೆಯೇ, ಸಡಿಲವಾಗಿದೆಯೇ ನೋಡಿ. ಅದರೊಳಗಿರುವುದು ಗಾಜಿನ ಎಳೆ, ಜೋಪಾನ. ಅದು ಸರಿಯಿದ್ದರೆ ದೋಷ ಬಹುಮಟ್ಟಿಗೆ ಕಂಪನಿಯ ಲೈನಿನದು. ನೀವು ನೂರು ಸಲ ಆರಿಸಿ ಹಚ್ಚಿದರೂ ಫಲವಿಲ್ಲ.

ಕೆಂಪು ದೀಪವಿಲ್ಲ, ಆದರೂ ನೆಟ್ ಇಲ್ಲವೇ? ಇನ್ನೊಂದು ಫೋನಿನಲ್ಲಿ ನೋಡಿ. ಅದರಲ್ಲಿ ಬಂದರೆ ತೊಂದರೆ ನಿಮ್ಮ ಫೋನಿನದು. ಎರಡರಲ್ಲೂ ಇಲ್ಲದಿದ್ದರೆ ರೂಟರ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚಿ, ಎರಡು ಮೂರು ನಿಮಿಷ ಕಾಯಿರಿ. ಹಾಲಿನಲ್ಲಿ ಬಂದು ಒಳಕೋಣೆಯಲ್ಲಿ ಬಾರದಿದ್ದರೆ 2.4 ಗಿಗಾಹರ್ಟ್ಸ್ ಸಂಪರ್ಕ ಆರಿಸಿ. 5 ಗಿಗಾಹರ್ಟ್ಸ್‌ಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಆದರೆ 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನ ಮನೆಮನೆಯಲ್ಲೂ ರೂಟರ್ ಇದ್ದರೆ ಅಲ್ಲಿ ಸಂತೆ! ಇನ್ನು, ಪಿನ್ನಿನಿಂದ ಒತ್ತುವ ರೀಸೆಟ್ ಗುಂಡಿ ಮುಟ್ಟಲೇಬೇಡಿ. ಅದು ಒಳಗಿನ ಸೆಟ್ಟಿಂಗ್ ಎಲ್ಲ ಅಳಿಸಿಹಾಕುತ್ತದೆ.

ಇಷ್ಟನ್ನು ಹೇಳಲು ಕನ್ನಡ ಸಾಲದಾಯಿತೇ?

ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಕಸ್ಟಮರ್ ಕೇರ್‌ನ ಮೊದಲ ಹಂತದಲ್ಲೇ ಭಾಷೆ ಆರಿಸಿಕೊಳ್ಳುವ ಅವಕಾಶವಿರಬೇಕು. ದೂರಿಗೆ ಸಂಖ್ಯೆ ಕೊಡಬೇಕು. ಪರಿಹಾರ ಒಪ್ಪಿಗೆಯಾಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಹಕ್ಕು ಇದೆ. ಆದರೆ ಕನ್ನಡದ ಅಂಕಿ ಬಿಟ್ಟು ಇಂಗ್ಲಿಷಿನ ಅಂಕಿ ಒತ್ತುವವರು ಯಾರು? ನೀವೇ ಅಲ್ಲವೇ? ಕನ್ನಡ ಕೇಳುವವರೇ ಇಲ್ಲವೆಂದು ಕಂಪನಿ ಲೆಕ್ಕ ಹಾಕಿದರೆ, ಆ ಕುರ್ಚಿಯಲ್ಲಿ ಕೂರಬೇಕಿದ್ದ ನಮ್ಮ ಹಾಸನದ ಹುಡುಗಿ, ರಾಯಚೂರಿನ ಹುಡುಗನ ಕೆಲಸವೂ ಹೋಯಿತೆಂದೇ ತಿಳಿಯಿರಿ. ಇದು ಬರೀ ಅಭಿಮಾನದ ಮಾತಲ್ಲ, ಅನ್ನದ ಪ್ರಶ್ನೆ!

ಇಂದೇ ಒಂದು ರಟ್ಟಿನ ಮೇಲೆ ಈ ಹೆಜ್ಜೆಗಳನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ರೂಟರ್ ಪಕ್ಕ ಅಂಟಿಸಿ. ಕಂಪನಿಯ ನಂಬರನ್ನೂ ಬರೆಯಿರಿ. ಫೋನ್ ಮಾಡಿದಾಗ ಕನ್ನಡವನ್ನೇ ಒತ್ತಿ, ಕನ್ನಡದ ಆಯ್ಕೆ ಇಲ್ಲದಿದ್ದರೆ ಅದನ್ನೇ ಮೊದಲ ದೂರಾಗಿ ಬರೆಸಿ. ನಾಳೆ ನಿಮ್ಮ ಅಮ್ಮನೇ ಫೋನ್ ಎತ್ತಿ, "ಕೆಂಪು ದೀಪ ಉರೀತಿದೆ, ಲೈನ್ ನಿಮ್ಮದು, ಬಂದು ಸರಿಮಾಡಿ" ಎಂದು ಕನ್ನಡದಲ್ಲೇ ದಬಾಯಿಸಲಿ!