‘ಅಡ್ಡಿಲ್ಲ’ ಎನ್ನುವ ಊರಿನಲ್ಲಿ ಒಂದು ಬಾಡಿಗೆ ಮನೆ

ಮೇ ತಿಂಗಳ ಕೊನೆಯ ವಾರ ಶಿರಸಿಯಲ್ಲಿ ಬಾಡಿಗೆ ಮನೆ ಹುಡುಕುವವರ ಸುಗ್ಗಿ. ಶಾಲೆ ಬಾಗಿಲು ತೆರೆಯುವುದರೊಳಗೆ ಗ್ಯಾಸ್ ಸಿಲಿಂಡರು, ಪುಸ್ತಕದ ಟ್ರಂಕು, ಊರಿಂದ ತಂದ ಅಕ್ಕಿಚೀಲ ಎಲ್ಲವೂ ಎಲ್ಲಾದರೊಂದು ಕಡೆ ಇಳಿಯಬೇಕು. ಎರಡು ವರ್ಷದ ಹಿಂದೆ ಮಂಚೀಕೇರಿ ಆಚೆಯ ಕಾಡೂರಿನ ಸಿದ್ದಿ ಸ್ನೇಹಿತರೊಬ್ಬರ ಜತೆ ನಾನೂ ಹೀಗೆ ಗಲ್ಲಿ ಗಲ್ಲಿ ಸುತ್ತಿದೆ. ಅವರ ಮಗಳು ಊರ ಶಾಲೆಯಲ್ಲಿ ಏಳನೆಯದು ಮುಗಿಸಿದ್ದಳು. ಮುಂದೆ ಓದಬೇಕಾದರೆ ಪೇಟೆಗೇ ಬರಬೇಕು.

ಮೊದಲ ಮನೆಯವರು ಫೋನಿನಲ್ಲಿ ‘ಬನ್ನಿ, ಕೀಲಿಕೈ ಇಲ್ಲೇ ಇದೆ’ ಅಂದಿದ್ದರು. ಗೇಟಿನ ಹತ್ತಿರ ನಮ್ಮನ್ನು ನೋಡಿದ್ದೇ, ‘ಅಯ್ಯೋ, ಬೆಳಿಗ್ಗೆಯಷ್ಟೇ ಒಬ್ಬರು ಅಡ್ವಾನ್ಸ್ ಕೊಟ್ಟುಹೋದ್ರಲ್ಲ’ ಎಂದರು. ಎರಡನೆಯ ಮನೆಯ ಯಜಮಾನರು ಇನ್ನೂ ಸಭ್ಯರು. ಕೂರಿಸಿ ಚಾ ಕೊಟ್ಟರು. ‘ನಮಗೇನೂ ಅಡ್ಡಿಲ್ಲ. ಮಹಡಿ ಮೇಲಿನವರು ಸ್ವಲ್ಪ ಶಾಸ್ತ್ರ-ಸಂಪ್ರದಾಯದ ಜನ...’ ಎಂದು ಮಾತನ್ನು ಅರ್ಧಕ್ಕೇ ಬಿಟ್ಟರು. ಈ ಸೀಮೆಯ ಹೊರಗಿನವರಿಗೆ ಹೇಳಬೇಕು: ನಮ್ಮಲ್ಲಿ ‘ಅಡ್ಡಿಲ್ಲ’ ಎಂದರೆ ಆಗಬಹುದು, ಪರವಾಗಿಲ್ಲ, ಸಾಧಾರಣ, ನೋಡೋಣ, ಬೇಡ ಎಂಬ ಐದೂ ಅರ್ಥ ಬರುತ್ತದೆ. ಯಾವುದು ಎನ್ನುವುದು ಚಾದ ಲೋಟ ಖಾಲಿಯಾಗುವ ಹೊತ್ತಿಗೆ ಗೊತ್ತಾಗುತ್ತದೆ.

ಮೂರನೆಯ ಮನೆಯಲ್ಲಿದ್ದವರು ಒಬ್ಬ ವಯಸ್ಸಾದ ಅಮ್ಮ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಳದ ನೀರು ಬೆಳಗಾ ಮುಂಚೆ ಬರ್ತದೆ, ಎದ್ದು ಹಿಡಿದಿಟ್ಕೊಳ್ಳೋಕೆ ಆಗ್ತದಾ?’ ಆಗ್ತದೆ ಎಂದರು ಸ್ನೇಹಿತರು. ಮನೆ ಸಿಕ್ಕಿತು.

ಸಿದ್ದಿಗಳು ಒಂದು ಸಮುದಾಯವಾಗಿ ಸರ್ಕಾರಿ ಲೆಕ್ಕದಲ್ಲಿ ‘ಅಲ್ಪಸಂಖ್ಯಾತ’ರಲ್ಲ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರ ಚಿಲ್ಲರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿಗಳಲ್ಲಿ ಹರಡಿಕೊಂಡಿದ್ದಾರೆ. ಬೇರೆಯವರನ್ನು ‘ನೀವು ಯಾವ ಪೈಕಿ?’ ಎಂದು ಕೇಳುವ ಊರು ಇವರನ್ನು ಏನೂ ಕೇಳುವುದಿಲ್ಲ. ಮುಖ ನೋಡಿದರೆ ಸಾಕು, ಉತ್ತರ ಸಿಕ್ಕಿತು ಎಂದುಕೊಳ್ಳುತ್ತದೆ. ಆದ್ದರಿಂದಲೇ, ಹೊಸದಾಗಿ ಬರುವ ಕುಟುಂಬವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳು ಹೇಗೆ ಬರಮಾಡಿಕೊಳ್ಳುತ್ತವೆ ಎಂದು ಅಳೆಯಲು ಸಿದ್ದಿ ಕುಟುಂಬದ ಅನುಭವಕ್ಕಿಂತ ನೇರವಾದ ಅಳತೆಗೋಲಿಲ್ಲ.

ಊರು ಬದಲಿಸುವವರಿಗೆ ನಾವು ಕೊಡುವ ಬುದ್ಧಿಮಾತು ‘ಒಳ್ಳೆಯ ಏರಿಯಾ ನೋಡಿ, ಒಳ್ಳೆಯ ಶಾಲೆ ನೋಡಿ’ ಎನ್ನುವುದು. ಆಯ್ಕೆ ಪೂರ್ತಿ ಅವರ ಕೈಯಲ್ಲೇ ಇದೆಯೇನೋ ಎಂಬಂತಿರುತ್ತದೆ ಆ ಮಾತು. ವಾಸ್ತವದಲ್ಲಿ ಆರಿಸುವುದು ಬೀದಿ, ಆರಿಸಲ್ಪಡುವುದು ಕುಟುಂಬ. ಕಾನೂನು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ-ಧರ್ಮದ ತಡೆಯನ್ನು ನಿಷೇಧಿಸುತ್ತದೆ. ಖಾಸಗಿ ಮನೆಯ ಹೊಸ್ತಿಲಲ್ಲಿ ಅದು ನಿಂತುಬಿಡುತ್ತದೆ. ಒಂದೇ ಸಮುದಾಯಕ್ಕೆ ಸೀಮಿತವಾದ ಗೃಹ ಸಹಕಾರ ಸಂಘಕ್ಕೂ ಸುಪ್ರೀಂ ಕೋರ್ಟು 2005ರಲ್ಲಿ, ಅಹಮದಾಬಾದಿನ ಪಾರ್ಸಿ ಸಂಘವೊಂದರ ಪ್ರಕರಣದಲ್ಲಿ, ಸಮ್ಮತಿ ಕೊಟ್ಟಿದೆ. ಮನೆ ಸಿಗದ ಈ ಕಥೆ ಹೊಸದೂ ಅಲ್ಲ. 1917ರಲ್ಲಿ ವಿದೇಶದಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಾದಲ್ಲಿ ಮನೆ ಸಿಗದೆ ಪಾರ್ಸಿ ವಸತಿಗೃಹವೊಂದರಲ್ಲಿ ಹೆಸರು ಮರೆಸಿ ಇರಬೇಕಾಯಿತು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ನೂರು ವರ್ಷದಲ್ಲಿ ದೊಣ್ಣೆ ಹೋಗಿದೆ, ‘ಅಡ್ವಾನ್ಸ್ ಕೊಟ್ಟುಹೋದ್ರು’ ಬಂದಿದೆ.

ಹಾಗಾಗಿ ನನ್ನ ಸಲಹೆ ತಿರುಗುಮುರುಗು. ಮನೆಗಿಂತ ಮೊದಲು ಶಾಲೆ ನೋಡಿ, ಅದೂ ಊಟದ ಹೊತ್ತಿಗೆ ಹೋಗಿ ನೋಡಿ.

ಯಾಕೆ ಊಟದ ಹೊತ್ತು? ಬಿಸಿಯೂಟ ರಾಜ್ಯದ ಎಲ್ಲ ಜಿಲ್ಲೆಗಳಿಗೆ ಬಂದದ್ದು 2003ರ ಸುಮಾರಿಗೆ. ಅದರ ಜತೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬುದು ಈಚಿನದು. 2024ರಿಂದ ವಾರಕ್ಕೆ ಆರು ದಿನವೂ ಕೊಡುವ ಯೋಜನೆಯಾಗಿದೆ. ಘಟ್ಟದ ಮೇಲಿನ ಶಾಲೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಒಂದು ಶಾಲೆಯಲ್ಲಿ ನಾನೇ ಕಂಡಿದ್ದೇನೆ: ಮೊಟ್ಟೆಯವರು ಗೋಡೆಯ ಕಡೆ, ಹಣ್ಣಿನವರು ಕಂಬದ ಕಡೆ. ಯಾರೂ ಹಾಗೆ ಕೂರಿ ಎಂದು ಹೇಳಿರಲಿಲ್ಲವಂತೆ, ‘ತಾವಾಗೇ ಕೂರ್ತಾರೆ’ ಎಂದರು ಮಾಸ್ತರರು. ಇನ್ನೊಂದು ಶಾಲೆಯಲ್ಲಿ ಅಡುಗೆಯ ಅಕ್ಕ ಸಾಲಿನುದ್ದಕ್ಕೂ ಎರಡು ಬುಟ್ಟಿ ಹಿಡಿದು ನಡೆಯುತ್ತಿದ್ದರು. ಕೂತವರು ಕೂತಲ್ಲೇ, ಬೇಕಾದ್ದು ತಟ್ಟೆಗೆ. ಎರಡೂ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಒಂದೇ ಥರ ಇರಬಹುದು. ಯಾವ ಶಾಲೆಯಲ್ಲಿ ನಿಮ್ಮ ಮಗುವಿಗೆ ಅಡ್ಡಹೆಸರು ಬೀಳುವುದಿಲ್ಲ ಎನ್ನುವುದನ್ನು ಫಲಿತಾಂಶದ ಪಟ್ಟಿ ಹೇಳುವುದಿಲ್ಲ, ಆ ಬುಟ್ಟಿ ಹೇಳುತ್ತದೆ.

ಇನ್ನೂ ಒಂದೆರಡು ಗುರುತುಗಳಿವೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಯಾರ ತಾಯಿ, ಯಾರ ತಂದೆ ಕೂತಿದ್ದಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹಿಂದುಳಿದ ಗುಂಪುಗಳ ಮಕ್ಕಳ ಪಾಲಕರಿಗೆ ಅವರವರ ಪ್ರಮಾಣದಲ್ಲಿ ಜಾಗ ಸಿಗಬೇಕು. ಕಾಗದದಲ್ಲಿ ಎಲ್ಲ ಕಡೆ ಇರುತ್ತದೆ. ಸಭೆಯಲ್ಲಿ ಆ ತಾಯಿ ಮಾತಾಡುತ್ತಾಳೆಯೇ, ಬರೀ ಸಹಿ ಮಾಡುತ್ತಾಳೆಯೇ ಎಂದು ಒಮ್ಮೆ ವಿಚಾರಿಸಿ. ಮನೆಯಲ್ಲಿ ಸಿದ್ದಿಗಳ ಕೊಂಕಣಿಯೋ, ಗೌಳಿಗರ ಮರಾಠಿಯೋ, ಉರ್ದುವೋ ಆಡುವ ಮಗು ತರಗತಿಯಲ್ಲಿ ಕನ್ನಡ ತಡವರಿಸಿದರೆ ಮಾಸ್ತರರು ನಗುತ್ತಾರೋ ಕಾಯುತ್ತಾರೋ ಎಂಬುದನ್ನೂ ನೋಡಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ತಾಯ್ನುಡಿಯಲ್ಲಿ ಕಲಿಸುವ ಏರ್ಪಾಟು ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕಾಡಿನ ನುಡಿಗಳ ತನಕ ಅದು ಇಳಿದು ಬಂದಿಲ್ಲ.

ಇಷ್ಟೆಲ್ಲ ನೋಡಿ ಆರಿಸಲು ಶಾಲೆಗಳಲ್ಲಿ ಎಲ್ಲ ಬೀದಿಯ ಮಕ್ಕಳೂ ಇರಬೇಕಲ್ಲ? ಈ ಪ್ರಶ್ನೆಯ ಕಡೆ ನಾವು ತಲೆ ಹಾಕಿಲ್ಲ. ನಮ್ಮ ತಲೆಮಾರಿನಲ್ಲಿ ಭಟ್ಟರ ಮಗ, ನಾಯ್ಕರ ಮಗಳು, ಸಾಹೇಬರ ಮಗ, ಪಾತ್ರೆ ಅಂಗಡಿ ಶೇಟರ ಮಗ ಒಂದೇ ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ಕೂತದ್ದು ಯಾರ ಔದಾರ್ಯದಿಂದಲೂ ಅಲ್ಲ, ಬೇರೆ ಶಾಲೆ ಇರಲಿಲ್ಲ ಅಷ್ಟೇ. ಈಗ ಬೆಳಿಗ್ಗೆ ಎಂಟೂವರೆಗೆ ಯಾವುದೇ ನಾಕಾದಲ್ಲಿ ನಿಂತರೂ ಹಳದಿ ವ್ಯಾನುಗಳು ಮಕ್ಕಳನ್ನು ಬೀದಿ ಬೀದಿಯಿಂದ ಹೆಕ್ಕಿ ಬೇರೆ ಬೇರೆ ದಿಕ್ಕಿಗೆ ಒಯ್ಯುವುದು ಕಾಣುತ್ತದೆ. ಮೇಲ್ನೋಟಕ್ಕೆ ಇದು ಮಾಧ್ಯಮದ ಆಯ್ಕೆ, ಇಂಗ್ಲಿಷೋ ಕನ್ನಡವೋ ಎಂಬುದು. ಒಳಗಿಂದ ನೋಡಿದರೆ ವಿಂಗಡಣೆ.

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡು ತೀರ್ಪು ಕೊಟ್ಟಿತು. ಒಂದು, ತಾಯ್ನುಡಿ ಮಾಧ್ಯಮವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದು, ಕರ್ನಾಟಕ ಸರ್ಕಾರದ ವಿರುದ್ಧ. ಇನ್ನೊಂದು, ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು. ಕನ್ನಡ ಪತ್ರಿಕೆಗಳು ಮೊದಲನೆಯದರ ಬಗ್ಗೆ ತಿಂಗಳುಗಟ್ಟಲೆ ಬರೆದವು, ಎರಡನೆಯದನ್ನು ಅಷ್ಟಾಗಿ ಗಮನಿಸಲಿಲ್ಲ. ಎರಡೂ ಸೇರಿ ಮಾಡಿದ್ದು ಒಂದೇ ಕೆಲಸ: ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿತು, ಎಲ್ಲರೂ ಸೇರುವ ಶಾಲೆ ತೆಳುವಾಯಿತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಅದೇ ಕಾಯ್ದೆ ಬಡ ಮಕ್ಕಳಿಗೆ ಮೀಸಲಿಟ್ಟ ಶೇ 25ರ ಉಚಿತ ಸೀಟು ಸಿಗದಂತೆ ಮಾಡಿತು. ಸರ್ಕಾರಿ ಶಾಲೆ ಉಳಿಸಲು ಎಂಬ ಕಾರಣ ಹೇಳಿದರು. ಉಳಿಯಿತೇ? ಬಡವರ ಮಕ್ಕಳನ್ನು ಅಲ್ಲೇ ಇರಿಸಿ, ಉಳಿದವರು ಹೊರಡಲು ಬಾಗಿಲು ತೆರೆದಿಟ್ಟರೆ ಶಾಲೆ ಉಳಿಯಬಹುದು. ಸೇರುವ ಜಾಗವಾಗಿ ಉಳಿಯುವುದಿಲ್ಲ.

ಮುಸ್ಲಿಂ ಕುಟುಂಬದ ಲೆಕ್ಕಾಚಾರ ಬೇರೆ. ಸಾರಿಗೆ ಸಂಸ್ಥೆಗೋ ಬ್ಯಾಂಕಿಗೋ ವರ್ಗವಾಗಿ ಹುಬ್ಬಳ್ಳಿ ಕಡೆಯಿಂದ ಬರುವ ನೌಕರನಿಗೆ ಮೊದಲು ಸಿಗುವ ಸಲಹೆ ‘ನಿಮ್ಮವರು ಇರುವ ಕಡೆ ನೋಡಿ’ ಎಂದು. ಹೇಳುವವರಲ್ಲಿ ಅರ್ಧ ಜನ ಅವನವರೇ. ಇದನ್ನು ಬರೀ ಸಂಕುಚಿತತೆ ಎನ್ನಲಾರೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಯುವಕನೊಬ್ಬನ ಸಾವು ಕೋಮು ಕೊಲೆ ಎಂಬ ಆರೋಪದ ಹಿನ್ನೆಲೆಯಲ್ಲಿ ಶಿರಸಿ ಬಂದ್ ನಡೆದು ಕಲ್ಲು ತೂರಾಟಕ್ಕೆ ತಿರುಗಿದ್ದನ್ನು ಊರು ಮರೆತಿಲ್ಲ. ಅದು ಆಕಸ್ಮಿಕ ಸಾವು ಎಂದು ಸಿಬಿಐ 2022ರಲ್ಲಿ ವರದಿ ಸಲ್ಲಿಸಿತು. ಅಷ್ಟರಲ್ಲಿ ಸುಮಾರು ಐದು ವರ್ಷ ಕಳೆದಿತ್ತು. ಆ ವರದಿಯನ್ನು ಓದಿ ಮನೆ ಬದಲಿಸಿದವರು ಯಾರಿದ್ದಾರೆ? ಅದೇ 2022ರ ಫೆಬ್ರುವರಿಯಲ್ಲಿ ಹಿಜಾಬ್ ವಿವಾದದ ನಡುವೆ ಬಂದ ಸಮವಸ್ತ್ರ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು – ಇವುಗಳ ನಡುವೆ ಹೆಣ್ಣುಮಗಳ ಕಾಲೇಜು ಆರಿಸಬೇಕಾದ ತಂದೆಗೆ ಕಲಾ ವಿಭಾಗವೋ ವಿಜ್ಞಾನವೋ ಎಂಬುದು ಎರಡನೆಯ ಪ್ರಶ್ನೆಯಾಯಿತು. ಭಯ ಜನರನ್ನು ಒಂದೇ ಕೇರಿಗೆ ದೂಡುತ್ತದೆ, ಆಮೇಲೆ ಆ ಕೇರಿಗೆ ಶಾಲೆ, ಚರಂಡಿ, ಬ್ಯಾಂಕು ಬರುವುದಿಲ್ಲ ಎಂದು ಸಾಚಾರ್ ಸಮಿತಿ 2006ರಲ್ಲೇ ಬರೆದಿತ್ತು.

ಮೂರೂ ತಾಲ್ಲೂಕು ಕೇಂದ್ರಗಳು ಒಂದೇ ಥರ ಅಲ್ಲ. ಯಲ್ಲಾಪುರ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಮೇಲಿನ ಊರು. ಲಾರಿ, ಹೋಟೆಲು, ಹೊರಗಿನವರು ಅದಕ್ಕೆ ಅಭ್ಯಾಸ. ಸಿದ್ದಿಗಳು ಅಲ್ಲಿನ ಪೇಟೆಯಲ್ಲಿ ಅಪರಿಚಿತರಲ್ಲ. ಸಿದ್ದಾಪುರ ಚಿಕ್ಕದು, ಅಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡಿಗಿಂತ ಪರಿಚಯದವರ ಬಾಯಿಮಾತು ನಡೆಯುತ್ತದೆ. ಬಾಯಿಮಾತಿನ ಮಾರುಕಟ್ಟೆಯಲ್ಲಿ ಪರಿಚಯವಿಲ್ಲದವನಿಗೆ ಮನೆಯೂ ಇಲ್ಲ. ಶಿರಸಿ ಎರಡರ ನಡುವೆ ಇದೆ. ಶಿರಸಿಯಿಂದ ಸ್ವಲ್ಪ ದೂರದ ಸೋಂದಾದಲ್ಲಿ ಮಾಧ್ವ, ಸ್ಮಾರ್ತ, ಜೈನ ಮಠಗಳು ಶತಮಾನಗಳಿಂದ ನೆರೆಹೊರೆಯಾಗಿವೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ನಿಜವೇ. ಆದರೆ ಮಠಗಳಿಗೆ ಬಾಡಿಗೆ ಮನೆ ಬೇಕಿರಲಿಲ್ಲ.

ಸಿದ್ದಿಗಳ ವಿಷಯದಲ್ಲಿ ಸರ್ಕಾರ ಕಂಡುಕೊಂಡ ದಾರಿ ಹಾಸ್ಟೆಲ್. ಮನೆ ಸಿಗದಿದ್ದರೆ ಮಗುವನ್ನಷ್ಟೇ ತನ್ನಿ ಎಂದರ್ಥ. ಆಶ್ರಮ ಶಾಲೆಗಳಿಂದ, ವಿದ್ಯಾರ್ಥಿ ನಿಲಯಗಳಿಂದ ಓದಿ ಮೇಲೆ ಬಂದವರಿದ್ದಾರೆ, ಅದನ್ನು ಕಡಿಮೆ ಮಾಡಿ ಹೇಳಲಾರೆ. 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಶಾಸನ ಸಭೆ ಹೊಕ್ಕ ಮೊದಲ ಸಿದ್ದಿ. ಆದರೆ ಮಗುವನ್ನು ಮಾತ್ರ ಕಿತ್ತು ನೆಟ್ಟರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಹಾಡಿಗಳಿಂದ ಆರಿಸಿ ದೂರದ ಕ್ರೀಡಾ ವಸತಿಗಳಿಗೆ ಒಯ್ದಿತು. ರಾಷ್ಟ್ರಮಟ್ಟದ ಪದಕಗಳು ಬಂದವು. ಆರೇಳು ವರ್ಷದಲ್ಲಿ ಯೋಜನೆ ನಿಂತಿತು. ಮಕ್ಕಳಲ್ಲಿ ಅನೇಕರು ಊರಿಗೆ ಮರಳಿದರು. ಪೇಟೆಯಲ್ಲಿ ಅವರದೆನ್ನುವ ಬೀದಿಯಾಗಲೀ ಊರಲ್ಲಿ ಓಡುವ ಮೈದಾನವಾಗಲೀ ಇರಲಿಲ್ಲ.

ಹಾಗಾದರೆ ಇಡೀ ಕುಟುಂಬವೇ ಯಾಕೆ ಬರುವುದಿಲ್ಲ? ಬಾಡಿಗೆಯ ದುಡ್ಡು ಒಂದು ಕಾರಣ. ಅದಕ್ಕಿಂತ ದೊಡ್ಡದು ಜಮೀನು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಬುಡಕಟ್ಟು ಕುಟುಂಬ ಕಾಡಿನಲ್ಲೇ ವಾಸವಿದ್ದು, 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಆ ಭೂಮಿ ಸಾಗುವಳಿ ಮಾಡುತ್ತಿರಬೇಕು. ಇನ್ನೂ ಹಕ್ಕುಪತ್ರ ಕೈಗೆ ಬಾರದ ಮನೆಯವರು ಬಾಗಿಲಿಗೆ ಬೀಗ ಹಾಕಿ ಪೇಟೆಗೆ ಬಂದರೆ, ‘ಇವರು ಇಲ್ಲಿ ಇಲ್ಲವೇ ಇಲ್ಲ’ ಎಂದು ಬರೆಯಲು ಎಷ್ಟು ಹೊತ್ತು? ನನ್ನ ಸ್ನೇಹಿತರು ಊರಲ್ಲೇ ಉಳಿದದ್ದು ಈ ಭಯಕ್ಕೆ. ಹೆಂಡತಿ, ಮಗಳು ಪೇಟೆಯಲ್ಲಿ. ಒಂದು ಮನೆ ಎರಡಾಯಿತು.

ಇಡೀ ಕುಟುಂಬವೇ ಬಂದರೆ ಮಗುವಿಗೆ ಏನು ಲಾಭ? ಅಮೆರಿಕದಲ್ಲಿ 1994ರಿಂದ ಐದು ನಗರಗಳಲ್ಲಿ ಬಡ ಕುಟುಂಬಗಳನ್ನು ಉತ್ತಮ ನೆರೆಹೊರೆಗೆ ಸ್ಥಳಾಂತರಿಸಲು ನೆರವಾದ ಪ್ರಯೋಗವೊಂದು ನಡೆಯಿತು. ರಾಜ್ ಚೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ಅದರ ಫಲ ಪ್ರಕಟಿಸಿದರು: ಹದಿಮೂರು ತುಂಬುವ ಮೊದಲು ಮನೆ ಬದಲಿಸಿದ ಮಕ್ಕಳು ಇಪ್ಪತ್ತರ ನಡುವಯಸ್ಸಿನಲ್ಲಿ ಶೇ 31ರಷ್ಟು ಹೆಚ್ಚು ದುಡಿಯುತ್ತಿದ್ದರು. ಹದಿಮೂರರ ಮೇಲೆ ಬದಲಿಸಿದವರಿಗೆ ಆ ಲಾಭ ಇರಲಿಲ್ಲ. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಅಂಟಿಸಲಾಗದು, ನಿಜ. ಆದರೆ ಆ ವಯಸ್ಸು ನೋಡಿ. ನಮ್ಮ ಕಾಡೂರುಗಳ ಶಾಲೆ ಏಳಕ್ಕೆ ಮುಗಿಯುತ್ತದೆ, ಮಗು ಪೇಟೆಗೆ ಬರುವಾಗ ಅದಕ್ಕೆ ಸರಿಯಾಗಿ ಹದಿಮೂರು!

ಸಿಂಗಪುರದಲ್ಲಿ 1989ರಿಂದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಯಾವ ಜನಾಂಗದವರು ಎಷ್ಟು ಇರಬಹುದು ಎಂದು ಮಿತಿ ಇದೆ. ಅಷ್ಟು ಬಿಗಿ ನಮಗೆ ಒಗ್ಗದು, ಒಗ್ಗಬೇಕಾಗಿಯೂ ಇಲ್ಲ. ಆದರೆ ಖಾಸಗಿ ಮನೆಯ ಯಜಮಾನನ ಮನಸ್ಸು ಬದಲಾಗುವವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಆಶ್ರಯ ನಿವೇಶನಗಳನ್ನು ಊರ ಹೊರಗೆ, ಒಂದೊಂದು ಸಮುದಾಯಕ್ಕೆ ಒಂದೊಂದು ಮೂಲೆಯಂತೆ ಹಂಚದೆ ಚೀಟಿ ಎತ್ತಿ ಬೆರೆಸಿ ಕೊಡುವುದು ಕೈಯಲ್ಲಿರುವ ಕೆಲಸ. ಹಾಸ್ಟೆಲ್ ಜತೆಗೆ ತಾಯಿಯೂ ಇರಬಹುದಾದ ನಾಲ್ಕಾರು ಬಾಡಿಗೆ ಕೋಣೆಗಳನ್ನು ಇಲಾಖೆ ಕಟ್ಟಿಸುವುದೂ ಅಷ್ಟೇ. ಓದಿಗಾಗಿ ಪೇಟೆಯಲ್ಲಿದ್ದರೆ ಅರಣ್ಯ ಹಕ್ಕಿನ ಅರ್ಜಿಗೆ ಧಕ್ಕೆಯಿಲ್ಲ ಎಂದು ಒಂದು ಸುತ್ತೋಲೆ ಹೊರಟರೆ ಎಷ್ಟೋ ಮನೆ ಎರಡಾಗುವುದು ತಪ್ಪೀತು. ಇವೆಲ್ಲಕ್ಕಿಂತ ಮುಖ್ಯವಾಗಿ, ಪೇಟೆಯ ನಡುವಿನ ಒಂದೆರಡು ಸರ್ಕಾರಿ ಶಾಲೆಗಳಾದರೂ ವ್ಯಾನು ಹತ್ತುವ ಮಕ್ಕಳ ಪಾಲಕರೂ ಸೇರಿಸಲು ಬಯಸುವಷ್ಟು ಚೆನ್ನಾಗಿರಬೇಕು. ಆಗ ನಮ್ಮ ಮಕ್ಕಳನ್ನು ಅಲ್ಲಿ ಸೇರಿಸುತ್ತೇವೆಯೇ? ನಾನೂ ಸೇರಿಸಿರಲಿಲ್ಲ ಎಂದು ಇಲ್ಲಿ ಹೇಳಿಬಿಡುವುದು ವಾಸಿ.

ಆ ಹುಡುಗಿ ಈಗ ಹತ್ತನೆಯ ತರಗತಿ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತಾಯಿ-ಮಗಳು ಯಲ್ಲಾಪುರದ ಬಸ್ಸು ಹತ್ತುತ್ತಾರೆ, ಸೋಮವಾರದ ಮೊದಲ ಬಸ್ಸಿಗೆ ಮರಳುತ್ತಾರೆ. ಸೋಮವಾರ ಬೆಳಗಾ ಮುಂಚೆ ಬರುವ ನಳದ ನೀರನ್ನು ಮನೆಯೊಡತಿ ಅಮ್ಮ ಇವರ ಕೊಡಗಳಿಗೂ ಹಿಡಿದಿಡುತ್ತಾರೆ.